ಕಾಲ್ಗುಣ

ಹೊಸ್ತಿಲ ಮೇಲಿಟ್ಟ ಅಕ್ಕಿಯ ಸೇರನ್ನು ಬಲಗಾಲಿನಿಂದ ಒದ್ದು ಒಳಗೆ ಬಂದ ಗಳಿಗೆಯಿಂದ ಸೊಸೆಯ ಹೆಸರಿನಲ್ಲೊಂದು ಖಾತೆ ಶುರುವಾಗುತ್ತದೆ. ಆ ವರ್ಷ ಮಳೆ ಹದವಾಗಿ ಬಿದ್ದರೆ ಅವಳ ಕಾಲ್ಗುಣ. ಮಾವನಿಗೆ ಬಡ್ತಿ ಸಿಕ್ಕರೆ ಅವಳ ಕಾಲ್ಗುಣ. ಕರೆಯುವ ಎಮ್ಮೆ ಇದ್ದಕ್ಕಿದ್ದಂತೆ ಹಾಲು ಬತ್ತಿಸಿಕೊಂಡರೆ, ಬಾಯಿಬಿಟ್ಟು ಹೇಳದಿದ್ದರೂ, ಅದೂ ಅದೇ ಖಾತೆಗೆ. ಗಂಡಸಿನ ಕಾಲಿಗೆ ಇಂಥ ಗುಣವಿದೆಯೆಂದು ಯಾರೂ ಹೇಳಿದ್ದನ್ನು ನಾನು ಕೇಳಿಲ್ಲ. ಅಳಿಯನ ಕಾಲನ್ನು ನಾವು ತೊಳೆಯುತ್ತೇವೆಯೇ ಹೊರತು ಪರೀಕ್ಷಿಸುವುದಿಲ್ಲ.

ಇದೆಲ್ಲ ಮೂಢನಂಬಿಕೆ ಎಂದು ನಾನೂ ವಾದಿಸುತ್ತಿದ್ದೆ. ಆದರೆ ಮಹಿಳೆಯರ ಟಿ20 ವಿಶ್ವಕಪ್ಪಿನ ಇತಿಹಾಸದಲ್ಲಿ ಒಂದು ಕಾಲಿದೆ. ಅದರ ಎದುರು ನನ್ನ ವಾದ ಸ್ವಲ್ಪ ತಡವರಿಸುತ್ತದೆ.

2010ರ ಮೇ 16, ಬಾರ್ಬಡೋಸ್‌ನ ಬ್ರಿಜ್‌ಟೌನ್. ಫೈನಲ್‌ನಲ್ಲಿ ಆಸ್ಟ್ರೇಲಿಯಾ ಹೊಡೆದದ್ದು ಬರೀ 106. ನ್ಯೂಜಿಲೆಂಡ್‌ಗೆ ಕೊನೆಯ ಚೆಂಡಿನಲ್ಲಿ ಐದು ರನ್ ಬೇಕು, ನಾಲ್ಕು ಬಂದರೆ ಟೈ. ಬ್ಯಾಟು ಹಿಡಿದವಳು ಸೋಫಿ ಡಿವೈನ್. ಚೆಂಡು ಹಾಕುವವಳು ಎಲಿಸ್ ಪೆರಿ, ವಯಸ್ಸು ಹತ್ತೊಂಬತ್ತು. ಡಿವೈನ್ ನೇರವಾಗಿ ಬಾರಿಸಿದಳು. ಚೆಂಡು ಬೌಲರ್‌ನ ಪಕ್ಕದಲ್ಲೇ ಹಾದು ಬೌಂಡರಿಯ ದಾರಿ ಹಿಡಿದಿತ್ತು. ಪೆರಿ ಕಾಲು ಚಾಚಿದಳು. ಯೋಚಿಸಿ ಚಾಚಿದ್ದಲ್ಲ, ಯೋಚಿಸಲು ಸಮಯವೆಲ್ಲಿತ್ತು? ಚೆಂಡು ಬೂಟಿಗೆ ಬಡಿದು ತಿರುಗಿ ಮಿಡ್‌ಆನ್‌ನಲ್ಲಿದ್ದ ಲೀಸಾ ಸ್ಥಳೇಕರ್ ಕೈ ಸೇರಿತು. ಪುಣೆಯಲ್ಲಿ ಹುಟ್ಟಿ, ದತ್ತುಮಗುವಾಗಿ ಹೋಗಿ ಆಸ್ಟ್ರೇಲಿಯಾದವಳಾದ ಲೀಸಾ. ಮೂರು ರನ್‌ಗಳಿಂದ ಕಪ್ ಆಸ್ಟ್ರೇಲಿಯಾಕ್ಕೆ. ಪೆರಿ ಆ ದೇಶದ ಫುಟ್‌ಬಾಲ್ ತಂಡಕ್ಕೂ ಆಡಿದವಳು, ಮರುವರ್ಷ ಫುಟ್‌ಬಾಲ್ ವಿಶ್ವಕಪ್ಪಿನಲ್ಲಿ ಗೋಲು ಹೊಡೆದವಳು. ಇದು ಕಾಲ್ಗುಣವೋ ಕಾಲಿನ ಅಭ್ಯಾಸವೋ ಎಂದು ಬಲ್ಲವರು ಬೇಕಿದ್ದರೆ ಚರ್ಚಿಸಲಿ.

ಅದೇ ಮೈದಾನದಲ್ಲಿ ಅದೇ ದಿನ ಗಂಡಸರ ಫೈನಲ್ ಕೂಡ ಇತ್ತು. 2009ರಲ್ಲಿ ಇಂಗ್ಲೆಂಡಿನಲ್ಲಿ ಶುರುವಾದಾಗಿನಿಂದ 2016ರವರೆಗೆ ಇದೇ ಪದ್ಧತಿ: ಹೆಂಗಸರದು ಮೊದಲ ಆಟ, ಗಂಡಸರದು ಮುಖ್ಯ ಆಟ. ಟಿಕೆಟ್ ಕೊಂಡವರಲ್ಲಿ ಅರ್ಧಕ್ಕರ್ಧ ಜನ ಎರಡನೆಯದರ ಹೊತ್ತಿಗೇ ಬಂದು ಕೂರುತ್ತಿದ್ದರು ಎಂದು ನನ್ನ ಅನುಮಾನ. ಇದರಲ್ಲೊಂದು ತಮಾಷೆಯಿದೆ. ಜಗತ್ತಿನ ಮೊಟ್ಟಮೊದಲ ಅಂತರರಾಷ್ಟ್ರೀಯ ಟಿ20 ಪಂದ್ಯ ಆಡಿದವರು ಹೆಂಗಸರು. 2004ರ ಆಗಸ್ಟ್‌ನಲ್ಲಿ ಹೋವ್‌ನಲ್ಲಿ ಇಂಗ್ಲೆಂಡ್ ಮತ್ತು ನ್ಯೂಜಿಲೆಂಡ್ ಆಡಿದವು; ಗಂಡಸರು ಆರು ತಿಂಗಳು ತಡವಾಗಿ ಬಂದರು. ಮನೆಯಲ್ಲಿ ಅಡುಗೆ ಮಾಡಿದವರು ಕೊನೆಯ ಪಂಕ್ತಿಯಲ್ಲಿ ಊಟಕ್ಕೆ ಕೂರುತ್ತಾರಲ್ಲ, ಹಾಗೆ. 2018ರಲ್ಲಿ ವೆಸ್ಟ್ ಇಂಡೀಸ್‌ನಲ್ಲಿ ಅವರಿಗೆ ಮೊದಲ ಸಲ ಬೇರೆ ಎಲೆ ಹಾಕಿದರು.

ಬೇರೆ ಎಲೆ ಹಾಕಿದ ಮೇಲೆ ಎಷ್ಟು ಜನ ಬರುತ್ತಾರೆ ಎಂಬುದಕ್ಕೆ 2020ರ ಮಾರ್ಚ್ 8ರಂದು ಮೆಲ್ಬರ್ನ್ ಉತ್ತರ ಕೊಟ್ಟಿತು: 86,174. ಭಾರತ ಫೈನಲ್ ತಲುಪಿದ್ದು ಮಳೆಯ ಕೃಪೆಯಿಂದ. ಸಿಡ್ನಿಯ ಸೆಮಿಫೈನಲ್ ಒಂದು ಚೆಂಡೂ ಬೀಳದೆ ಕೊಚ್ಚಿಹೋಗಿ, ಗುಂಪಿನಲ್ಲಿ ಮೊದಲಿದ್ದ ನಾವು ಮುಂದಕ್ಕೆ, ಇಂಗ್ಲೆಂಡ್ ಮನೆಗೆ. ನಮ್ಮ ಅತ್ತೆ ಇದನ್ನು ಶುಭಶಕುನವೆಂದೇ ಎಣಿಸಿದ್ದರು. ತಂಡದಲ್ಲಿ ಕಡೂರಿನ ವೇದಾ ಕೃಷ್ಣಮೂರ್ತಿ ಇದ್ದಳು, ವಿಜಯಪುರದ ರಾಜೇಶ್ವರಿ ಗಾಯಕವಾಡ್ ಇದ್ದಳು. ಭಾನುವಾರ, ಮಧ್ಯಾಹ್ನದ ಊಟ, ಟಿವಿ. ಇನ್ನೇನು ಬೇಕು?

ಮೊದಲ ಓವರ್‌ನಲ್ಲೇ ನಮ್ಮ ಶಫಾಲಿ ಆಸ್ಟ್ರೇಲಿಯಾದ ಅಲಿಸ್ಸಾ ಹೀಲಿಯ ಕ್ಯಾಚ್ ಬಿಟ್ಟಳು. ಬೆತ್ ಮೂನಿ ತನ್ನತ್ತಲೇ ಹೊಡೆದ ಚೆಂಡನ್ನು ರಾಜೇಶ್ವರಿ ಕೈಚೆಲ್ಲಿದಳು. ಹೀಲಿ 75, ಮೂನಿ ಔಟಾಗದೆ 78. ಆಸ್ಟ್ರೇಲಿಯಾ 184. ಕಾಲನ್ನು ಬಿಟ್ಟು ಕೈಗಳನ್ನು ದೂರಬೇಕಾದ ದಿನವದು. ಆದರೆ ಅತ್ತೆಯ ಕಣ್ಣು ನನ್ನ ಕಾಲಿನ ಮೇಲಿತ್ತು. ಭಾರತದ ಸರದಿ ಶುರುವಾದಾಗ ನಾನು ಕಾಫಿ ಲೋಟಗಳೊಂದಿಗೆ ಹಜಾರಕ್ಕೆ ಕಾಲಿಟ್ಟೆ, ಶಫಾಲಿ ಔಟ್. ಸಕ್ಕರೆ ಸಾಲದೆಂದು ಮತ್ತೆ ಬಂದೆ, ಇನ್ನೊಂದು ವಿಕೆಟ್. “ನೀನು ಸ್ವಲ್ಪ ಹೊತ್ತು ಒಳಗೇ ಇರಮ್ಮ” ಎಂದರು ಅತ್ತೆ, ನೋಯದ ಹಾಗೆ, ತಲೆನೋವಿನವರಿಗೆ ಹೇಳುವ ದನಿಯಲ್ಲಿ. ಒಳಗೇ ಇದ್ದೆ. ಪಾತ್ರೆ ತೊಳೆದೆ, ಮರುದಿನದ ದೋಸೆಗೆ ರುಬ್ಬಿದೆ. ಭಾರತ 99ಕ್ಕೆ ಆಲೌಟ್. ಸೋಲಿನ ದುಃಖದ ಜೊತೆಗೆ ನನಗೊಂದು ಸಮಾಧಾನವೂ ಇತ್ತು: ಬಾಕಿ ವಿಕೆಟ್‌ಗಳೆಲ್ಲ ಬಿದ್ದಾಗ ನನ್ನ ಎರಡೂ ಕಾಲುಗಳು ಅಡುಗೆಮನೆಯಲ್ಲಿದ್ದವು.

ಆಮೇಲೆ ಬಂದದ್ದು ನಮ್ಮ ದೇಶದ ಮಹಿಳಾ ಪ್ರೀಮಿಯರ್ ಲೀಗ್. ಕಾಲು ಚಾಚಿದ ಪೆರಿ, ಆ ಕಾಲಿನಿಂದ ಕಪ್ ಕಳೆದುಕೊಂಡ ಡಿವೈನ್, ಇಬ್ಬರೂ ಬೆಂಗಳೂರು ತಂಡದ ಕೆಂಪು ಅಂಗಿ ತೊಟ್ಟು ಒಂದೇ ಕೋಣೆಯಲ್ಲಿ ಕುಳಿತರು. ಚಿನ್ನಸ್ವಾಮಿಯಲ್ಲಿ ಪೆರಿ ಹೊಡೆದ ಸಿಕ್ಸರ್ ಪ್ರದರ್ಶನಕ್ಕಿಟ್ಟ ಕಾರಿನ ಗಾಜು ಒಡೆಯಿತು. ಆ ಗಾಜಿಗೇ ಚೌಕಟ್ಟು ಹಾಕಿಸಿ ಅವಳಿಗೆ ಕೊಟ್ಟರು. ನಮ್ಮ ಬೀದಿಯಲ್ಲಿ ಗಾಜು ಒಡೆದ ಹುಡುಗರಿಗೆ ಸಿಗುವ ಸನ್ಮಾನ ಬೇರೆ ಥರದ್ದು. 2024ರ ಮಾರ್ಚ್‌ನಲ್ಲಿ ದೆಹಲಿಯ ಫೈನಲ್ ಗೆದ್ದಾಗ ಶ್ರೇಯಾಂಕಾ ಪಾಟೀಲ್ ನಾಲ್ಕು ವಿಕೆಟ್ ಕಿತ್ತಳು, ಡಿವೈನ್ 32 ಹೊಡೆದಳು, ಪೆರಿ 35 ಹೊಡೆದು ಕೊನೆಯವರೆಗೂ ನಿಂತಳು. ಬೆಂಗಳೂರಿನ ಗಂಡಸರು ತಮ್ಮ ಲೀಗಿನಲ್ಲಿ ಹದಿನಾರು ಸಲ ಯತ್ನಿಸಿ ತರಲಾಗದ ಕಪ್ಪನ್ನು ಹೆಂಗಸರು ಎರಡನೆಯ ಸಲಕ್ಕೇ ತಂದಿದ್ದರು. ಅತ್ತೆಯ ಪಾಲಿಗೆ ಅಂದಿನಿಂದ ಇವರಿಬ್ಬರೂ ನಮ್ಮ ಹುಡುಗಿಯರು.

ತೊಡಕು ಬಂದದ್ದು ಅದೇ ವರ್ಷದ ಅಕ್ಟೋಬರ್‌ನಲ್ಲಿ. ಬಾಂಗ್ಲಾದೇಶದಲ್ಲಿ ನಡೆಯಬೇಕಿದ್ದ ವಿಶ್ವಕಪ್ ಯುಎಇಗೆ ಹೋಗಿತ್ತು. ಭಾರತದ ಮೊದಲ ಪಂದ್ಯವೇ ನ್ಯೂಜಿಲೆಂಡ್ ಎದುರು. ಡಿವೈನ್ ಔಟಾಗದೆ 57 ಹೊಡೆದಳು, ಅದೂ ಬೆಂಗಳೂರಿನ ಜೊತೆಗಾರರಾದ ಸ್ಮೃತಿ, ಶ್ರೇಯಾಂಕಾ, ಆಶಾ, ರೇಣುಕಾ, ರಿಚಾ ಎಲ್ಲರ ಎದುರಿಗೆ. ಭಾರತ 58 ರನ್‌ಗಳಿಂದ ಸೋತು, ಸೆಮಿಫೈನಲ್ ಕಾಣದೆ ಮರಳಿತು. “ನಮ್ಮ ಮನೆಯ ಉಪ್ಪು ತಿಂದವಳು!” ಎಂದು ಅತ್ತೆ ಎರಡು ದಿನ ಟಿವಿ ಹಾಕಲಿಲ್ಲ.

ಅಕ್ಟೋಬರ್ 20, ಭಾನುವಾರ. ಹಗಲು ಚಿನ್ನಸ್ವಾಮಿಯಲ್ಲಿ ನ್ಯೂಜಿಲೆಂಡ್‌ನ ಗಂಡಸರು ಟೆಸ್ಟ್ ಗೆದ್ದರು. ಮೊದಲ ಇನಿಂಗ್ಸ್‌ನಲ್ಲಿ ನಾವು 46ಕ್ಕೆ ಉದುರಿದ್ದ ಟೆಸ್ಟ್ ಅದು. ಅವರಿಗೆ 134 ಹೊಡೆದುಕೊಟ್ಟವನು ಬೆಂಗಳೂರು ಮೂಲದ ತಂದೆತಾಯಿಯ ಮಗ ರಚಿನ್ ರವೀಂದ್ರ; ಅಲ್ಲೂ ನಂಟಸ್ತಿಕೆಯ ಗೋಜಲೇ. ರಾತ್ರಿ ದುಬೈಯಲ್ಲಿ ನ್ಯೂಜಿಲೆಂಡ್‌ನ ಹೆಂಗಸರು ದಕ್ಷಿಣ ಆಫ್ರಿಕಾವನ್ನು 32 ರನ್‌ಗಳಿಂದ ಸೋಲಿಸಿದರು. ಟೂರ್ನಿಗೆ ಬರುವ ಮುನ್ನ ಸತತವಾಗಿ ಹತ್ತು ಪಂದ್ಯ ಸೋತಿದ್ದ ತಂಡ! ಬಾರ್ಬಡೋಸ್‌ನಲ್ಲಿ ಜೊತೆಗಿದ್ದ ಸೂಜಿ ಬೇಟ್ಸ್‌ಗೆ ಈಗ 37, ನಾಯಕಿ ಡಿವೈನ್‌ಗೆ 35. ಅವಳು ಕಪ್ ಎತ್ತಿದಾಗ ಅತ್ತೆ ಉಪ್ಪಿನ ಮಾತು ಮರೆತು, “ಹದಿನಾಲ್ಕು ವರ್ಷ, ಪಾಪ. ರಾಮನ ವನವಾಸವೂ ಅಷ್ಟೇ” ಎಂದು ಸೆರಗಿನಿಂದ ಕಣ್ಣೊರೆಸಿಕೊಂಡರು.

“ಅವಳೇ ಗೆಲ್ಲಿಸಿದಳು, ಅಲ್ಲವೇ?”

ಅಲ್ಲ. ಬಾರ್ಬಡೋಸ್‌ನಲ್ಲಿ ಔಟಾಗದೆ 38 ಹೊಡೆದು ಸೋತವಳು ದುಬೈಯಲ್ಲಿ ಆರೇ ರನ್ ಹೊಡೆದು ಗೆದ್ದಿದ್ದಳು. 43 ರನ್ ಹೊಡೆದು ಮೂರು ವಿಕೆಟ್ ಕಿತ್ತವಳು ಅಮೆಲಿಯಾ ಕೆರ್ ಎಂದೆ.

“ಅವಳೂ ನಮ್ಮ ತಂಡವೇ?”

“ಇಲ್ಲ ಅತ್ತೆ, ಲೀಗಿನಲ್ಲಿ ಮುಂಬೈ.”

“ಹೋಗಲಿ ಬಿಡು” ಎಂದು ಅತ್ತೆ ರಿಮೋಟ್ ಎತ್ತಿಕೊಂಡರು.