ಕೂಗು ಹೋಗಿ ಕೂಡಿಸು ಬಂತು

ಪೋಲೆಂಡಿನಲ್ಲಿ ಒಂದು ಸಿನಿಮಾ ಚಾನೆಲ್ ಇದೆ. 1999ರಲ್ಲಿ ಶುರುವಾದಾಗ ಅದರ ಹೆಸರು ‘ಆಲೆ ಕಿನೊ!’ ಕೊನೆಯ ಆ ಆಶ್ಚರ್ಯಸೂಚಕ ಚಿಹ್ನೆ ನಾನು ಹಾಕಿದ್ದಲ್ಲ, ಹೆಸರಿನಲ್ಲೇ ಇದ್ದದ್ದು.

ಪೋಲಿಷ್‌ನಲ್ಲಿ ‘ಕಿನೊ’ ಅಂದರೆ ಸಿನಿಮಾ. ಟಾಕೀಸಿಗೂ ಅದೇ ಮಾತು. ‘ಆಲೆ’ ಅಂದರೆ ‘ಆದರೆ’. ನಿಘಂಟು ಹಿಡಿದು ಜೋಡಿಸಿದರೆ ‘ಆದರೆ ಸಿನಿಮಾ’ ಅಂತಾಗುತ್ತದೆ. ಯಾರೋ ಅರ್ಧ ಮಾತು ನುಂಗಿಕೊಂಡ ಹಾಗೆ, ಅಲ್ವಾ? ಅಲ್ಲಿನ ಜನ ಬೆರಗಾದಾಗಲೂ ‘ಆಲೆ’ ಅಂತಲೇ ಬಾಯಿ ತೆಗೆಯುತ್ತಾರೆ. ಆಗ ಅದು ನಮ್ಮ ‘ಅಬ್ಬಾ, ಎಂಥಾ ಸಿನಿಮಾ!’ ತೆರೆಯೇ ಬೇಕಂತಿಲ್ಲ, ಕಣ್ಣೆದುರು ಏನೋ ರಂಪ ನಡೆದು ಮಜಾ ಬಂದರೂ ಸಾಕು. ಹೆಸರಿಟ್ಟವರು ಯಾರೋ ಗೊತ್ತಿಲ್ಲ, ಕಿವಿ ಮಾತ್ರ ಚುರುಕಾಗಿತ್ತು. ಪ್ರೇಕ್ಷಕನ ಬಾಯಲ್ಲಿದ್ದದ್ದನ್ನೇ ಎತ್ತಿ ಬೋರ್ಡಿಗೆ ಹಾಕಿದರು.

ಪೋಲಿಷ್‌ನಲ್ಲಿ ಆ ಚಿಹ್ನೆಗೆ ‘ವಿಕ್ಷಿಕ್ನಿಕ್’ ಅನ್ನುತ್ತಾರೆ. ‘ಕ್ಷಿಕ್’ ಅಂದರೆ ಕೂಗು. ಅಂದರೆ ಅದು ಕೂಗುವ ಚಿಹ್ನೆ. ನಮ್ಮದು ಆಶ್ಚರ್ಯವನ್ನು ಬರೀ ಸೂಚಿಸುತ್ತದೆ, ಅವರದು ಗಂಟಲು ಬಿಟ್ಟು ಕೂಗುತ್ತದೆ.

2011ರಲ್ಲಿ ಆ ಕೂಗನ್ನು ತೆಗೆದು ಅಲ್ಲೊಂದು ಪ್ಲಸ್ ಹಾಕಿದರು. ‘ಆಲೆ ಕಿನೊ+’. ಕಾರಣ ಏನೂ ಗಹನವಲ್ಲ. ಯಜಮಾನರ ಹೆಸರು ಕನಾಲ್+. 1984ರಲ್ಲಿ ಫ್ರಾನ್ಸ್‌ನಲ್ಲಿ ಹುಟ್ಟಿದ ದುಡ್ಡು ಕಟ್ಟಿ ನೋಡುವ ಚಾನೆಲ್ ಅದು, 1995ರಲ್ಲಿ ಪೋಲೆಂಡಿಗೆ ಬಂತು. ಮಕ್ಕಳ ಚಾನೆಲ್ ‘ಮಿನಿಮಿನಿ’ಗೂ ಅಡುಗೆಯ ಚಾನೆಲ್ ‘ಕುಖ್ನ್ಯಾ’ಗೂ ಪ್ಲಸ್ ಬಿತ್ತು. ಹಬ್ಬಕ್ಕೆ ಒಂದೇ ತಾನಿನ ಬಟ್ಟೆಯಲ್ಲಿ ಮನೆಮಕ್ಕಳಿಗೆಲ್ಲ ಅಂಗಿ ಹೊಲಿಸುತ್ತಿದ್ದರಲ್ಲ, ಹಾಗೆ. ಯಾರ ಮನೆಯವರು ಅಂತ ದೂರದಿಂದಲೇ ಗೊತ್ತಾಗುತ್ತಿತ್ತು. ಅಂಗಿ ಯಾರಿಗೆ ಒಪ್ಪುತ್ತದೆ ಅಂತ ಯಾರೂ ಕೇಳುತ್ತಿರಲಿಲ್ಲ. ಅಡುಗೆಗೆ ಪ್ಲಸ್ ಸರಿಯೇ, ಒಂದು ಸೌಟು ಜಾಸ್ತಿ ಅಂದುಕೊಳ್ಳಬಹುದು. ‘ಎಂಥಾ ಸಿನಿಮಾ’ ಆದ ಮೇಲೆ ಏನನ್ನು ಕೂಡಿಸುವುದು?

ನನ್ನ ಈ ತಕರಾರು ಪೋಲೆಂಡಿನ ಟಿವಿಯ ಮುಂದೆ ಜಾಸ್ತಿ ಹೊತ್ತು ನಿಲ್ಲುವುದಿಲ್ಲ. ಅಲ್ಲಿ ಪರದೇಶದ ಸಿನಿಮಾಗಳಿಗೆ ‘ಲೆಕ್ಟರ್’ ಅಂತ ಒಬ್ಬರಿರುತ್ತಾರೆ. ಮೂಲ ದನಿಗಳು ಹಿಂದೆ ಸಣ್ಣಗೆ ಕೇಳುತ್ತಿದ್ದರೆ, ಮೇಲೆ ಇವರೊಬ್ಬರೇ ಎಲ್ಲರ ಮಾತನ್ನೂ ಓದುತ್ತಾ ಹೋಗುತ್ತಾರೆ. ನಾಯಕಿಯ ಅಳು, ಖಳನ ಬೆದರಿಕೆ, ಮಗುವಿನ ತೊದಲು, ಎಲ್ಲವೂ ಒಂದೇ ಗಂಡು ದನಿಯಲ್ಲಿ, ಮನೆಗೆ ಬಂದ ಕಾಗದ ಓದಿ ಹೇಳುವಷ್ಟು ತಣ್ಣಗೆ. ಜನಕ್ಕೆ ಅದೇ ಅಭ್ಯಾಸವಾಗಿಬಿಟ್ಟಿದೆ. ಹೊಸ ಹೆಸರನ್ನೂ ಹಳೆಯ ಹೆಸರನ್ನೂ ಅವರ ಕೈಗೆ ಕೊಟ್ಟು ನೋಡಿ. ಕೂಗಿಗೂ ಹುಬ್ಬು ಏರಿಸದೆ, ಎರಡನ್ನೂ ಒಂದೇ ಸಮನೆ ಓದಿ ಮುಂದಿನ ಸಾಲಿಗೆ ಹೋಗುತ್ತಾರೆ.