ಕೆಂಪು ನಕ್ಷತ್ರ ಇರುವ ಜಾಗ ಖಾಲಿ ಬಿಡುವಂತಿಲ್ಲ

ಅಕ್ಕನ ಮಗ ಅಮೆರಿಕದಲ್ಲಿ ಎಂ.ಎಸ್. ಓದಲು ಅರ್ಜಿ ತುಂಬುತ್ತಿದ್ದ. ನಾನು ಪಕ್ಕದಲ್ಲಿ ಕೂತಿದ್ದೆ, ಸುಮ್ನೆ ಧೈರ್ಯಕ್ಕೆ. ಮೊದಲ ಪುಟದ ಎರಡನೇ ಸಾಲಿಗೇ ಬಂಡಿ ನಿಂತಿತು. ಫಸ್ಟ್ ನೇಮ್ ಬರೆದ. ಲಾಸ್ಟ್ ನೇಮ್? ಅದು ಅವನಿಗಿಲ್ಲ. ಪಾಸ್‌ಪೋರ್ಟಿನಲ್ಲೂ ಆ ಜಾಗ ಖಾಲಿ. ಆದರೆ ಕಾಲೇಜಿನ ಅರ್ಜಿಯಲ್ಲಿ ಅದರ ಪಕ್ಕ ಕೆಂಪು ನಕ್ಷತ್ರ. ತುಂಬಲೇಬೇಕು.

ಚುಕ್ಕಿ ಇಟ್ಟ. ಒಪ್ಪಲಿಲ್ಲ. ಗೆರೆ ಎಳೆದ. ಅದಕ್ಕೂ ಬೈಸಿಕೊಂಡ. ಕೊನೆಗೆ ಇದ್ದ ಒಂದೇ ಹೆಸರನ್ನು ಎರಡೂ ಕಡೆ ಬರೆದ. ತಕ್ಷಣ ಹಸಿರು ಟಿಕ್ ಬಂತು. ಇಂಗ್ಲಿಷ್ ಪರೀಕ್ಷೆಗೆ ಅಪ್ಪನ ಹೆಸರು ಸೇರಿಸಿ ಕೊಟ್ಟಿದ್ದ. ಅಂಕಪಟ್ಟಿಯಲ್ಲಿ ಹೆಸರಿನ ಹಿಂದೆ ಎರಡು ಇನಿಷಿಯಲ್. ಹೀಗೆ ಒಂದೇ ಸೀಟಿಗೆ ಒಂದೇ ಮನೆಯಿಂದ ಮೂರು ಹುಡುಗರು ಅರ್ಜಿ ಹಾಕಿದಂತಾಯಿತು. ಮೂವರೂ ಒಬ್ಬನೇ ಎಂದು ಛಾಪಾ ಕಾಗದದ ಮೇಲೆ ಅಫಿಡವಿಟ್ ಮಾಡಿಸಿ ತಂದೆವು. ದತ್ತಾತ್ರೇಯನಿಗೂ ನೋಟರಿ ಬೇಕಾಗಿರಲಿಲ್ಲ.

ಇಂಗ್ಲಿಷ್ ವಿಷಯ ಬಂತಲ್ಲ, ಹೇಳಿಬಿಡುತ್ತೇನೆ. ಹುಡುಗ ಒಂದನೇ ಕ್ಲಾಸಿನಿಂದ ಇಂಜಿನಿಯರಿಂಗ್‌ವರೆಗೆ ಓದಿದ್ದು ಇಂಗ್ಲಿಷಿನಲ್ಲೇ. ನಿದ್ದೆಯಲ್ಲಿ ಬಡಬಡಿಸುವುದೂ ಅದರಲ್ಲೇ. ಆದರೂ ಐಇಎಲ್‌ಟಿಎಸ್ ಅನ್ನುವ ಇಂಗ್ಲಿಷ್ ಪರೀಕ್ಷೆ ಬರೆಯಬೇಕು. ಬರೆದ, ಒಳ್ಳೆ ಅಂಕವೂ ಬಂತು. ಆ ಅಂಕಕ್ಕೆ ಆಯಸ್ಸು 2 ವರ್ಷ. ಜೊತೆಗೆ ಬರೆದ, ಗಣಿತವೂ ಇರುವ ಜಿಆರ್‌ಇ ಅನ್ನುವ ಪ್ರವೇಶ ಪರೀಕ್ಷೆಯ ಅಂಕಕ್ಕೆ 5 ವರ್ಷ. ಅಂದರೆ ಬೀಜಗಣಿತ ಐದು ವರ್ಷ ಕೆಡದೆ ಇರುತ್ತದೆ, ಇಂಗ್ಲಿಷ್ ಎರಡೇ ವರ್ಷಕ್ಕೆ ಹಳಸುತ್ತದೆ.

ಆಮೇಲೆ ಎಸ್‌ಒಪಿ. ಸ್ಟೇಟ್‌ಮೆಂಟ್ ಆಫ್ ಪರ್ಪಸ್. ಯಾಕೆ ಬರ್ತಿದ್ದೀಯಪ್ಪ ಅಂತ ಕೇಳಿದ್ದಾರೆ, ಅಷ್ಟೇ. ನಿಜವಾದ ಉತ್ತರ ಒಂದು ಸಾಲಿನದ್ದು: ಒಳ್ಳೆ ಕಾಲೇಜು, ಆಮೇಲೆ ಒಳ್ಳೆ ಕೆಲಸ. ಆದರೆ ಅದನ್ನು ಬರೆದವರು ಯಾರೂ ಇಲ್ಲ. ಸಾವಿರ ಪದ ಬೇಕು, ಅದರಲ್ಲಿ ಬಾಲ್ಯ ಬೇಕು. ಅವನ ಸ್ನೇಹಿತರ ಎಸ್‌ಒಪಿಗಳನ್ನು ನೋಡಿದೆ. ಎಲ್ಲರೂ ಏಳನೇ ವಯಸ್ಸಿಗೆ ರೇಡಿಯೋ ಬಿಚ್ಚಿ ಬೆರಗಾಗಿದ್ದಾರೆ. ಇವರು ಹುಟ್ಟುವ ಹೊತ್ತಿಗೆ ಬಿಚ್ಚೋದಕ್ಕೆ ಅಷ್ಟೊಂದು ರೇಡಿಯೋ ಎಲ್ಲಿತ್ತು?

"ನೀನೇನು ಬಿಚ್ಚಿದ್ದೆ?" ಅಂತ ಕೇಳಿದೆ.

"ಟಿವಿ ರಿಮೋಟು, ಮಾಮ. ಸೆಲ್ ಕದಿಯೋಕೆ."

ಅದನ್ನೇ ಬರಿ ಅಂದೆ. ಬರೆಯಲಿಲ್ಲ. ಅವನೂ ರೇಡಿಯೋನೇ ಬಿಚ್ಚಿದ.

ಶಿಫಾರಸು ಪತ್ರ ಮೂರು ಬೇಕು. ಮೂವರು ಮೇಷ್ಟ್ರುಗಳ ಹತ್ತಿರ ಹೋದ. ಮೂವರೂ ಒಂದೇ ಮಾತು ಹೇಳಿದರು: "ನೀನೇ ಬರ್ಕೊಂಡು ಬಾರಪ್ಪ, ನೋಡಿ ಕಳಿಸ್ತೀನಿ." ರಾತ್ರಿ ಕೂತು ತನ್ನನ್ನು ತಾನೇ ಮೂರು ದನಿಯಲ್ಲಿ ಹೊಗಳಿಕೊಂಡ. ಒಂದು ಪತ್ರ ಗಂಭೀರ, ಒಂದು ಅಕ್ಕರೆಯದ್ದು, ಒಂದರಲ್ಲಿ ನಂಬಿಕೆ ಬರಲಿ ಅಂತ ಎರಡು ವ್ಯಾಕರಣ ತಪ್ಪು. ಜೊತೆಗೊಂದು ಕೋಷ್ಟಕ ಇರುತ್ತದೆ. ಈ ಹುಡುಗ ಮೇಲಿನ 1%ರಲ್ಲಿ ಇದ್ದಾನೋ, 5%ರಲ್ಲೋ, 10%ರಲ್ಲೋ? 1%ಕ್ಕೇ ಟಿಕ್ ಬಿತ್ತು. ಅರವತ್ತು ಜನರ ಕ್ಲಾಸಿನಲ್ಲಿ ಮೇಲಿನ 1% ಅಂದರೆ ಪೂರ್ತಿ ಒಬ್ಬ ಮನುಷ್ಯನೂ ಆಗೋದಿಲ್ಲ. ಆದರೂ ಅದೇ ಕ್ಲಾಸಿನ ಹನ್ನೊಂದು ಜನ ಅದರೊಳಗೆ ಆರಾಮಾಗಿ ಕೂತಿದ್ದಾರೆ.

ದುಡ್ಡಿನ ಮಾತು ಜಾಸ್ತಿ ಬೇಡ. ಮೊದಲ ವರ್ಷದ ಖರ್ಚು ಬ್ಯಾಂಕಿನಲ್ಲಿ ತೋರಿಸಿದರೆ ಮಾತ್ರ ಕಾಲೇಜು ವೀಸಾಕ್ಕೆ ಬೇಕಾದ ಐ-20 ಅನ್ನುವ ಕಾಗದ ಕೊಡುತ್ತದೆ. ಬೇರೆ ದೇಶದವರು ಇನ್ನೂ ಸೊಗಸು. ಬ್ರಿಟನ್ನಿಗೆ ಹೋಗುವುದಾದರೆ ಆ ದುಡ್ಡು ಸತತ 28 ದಿನ ಖಾತೆಯಲ್ಲಿ ಅಲುಗಾಡದೆ ಕೂತಿರಬೇಕು, ಕಾವಿಗೆ ಕೂತ ಕೋಳಿಯ ಹಾಗೆ. ಜರ್ಮನಿಯವರು ವರ್ಷಕ್ಕೆ 11,904 ಯೂರೋ ಕಟ್ಟಿಸಿಕೊಂಡು ಬೀಗ ಹಾಕುತ್ತಾರೆ. ಅಲ್ಲಿಗೆ ಹೋದ ಮೇಲೆ ತಿಂಗಳಿಗೆ 992 ಯೂರೋದಂತೆ ನಮ್ಮ ದುಡ್ಡನ್ನು ನಮಗೇ ಪಾಕೆಟ್ ಮನಿ ಕೊಡುತ್ತಾರೆ. ಅಮೆರಿಕದಲ್ಲಿ ವಿದೇಶಿ ವಿದ್ಯಾರ್ಥಿಗಳ ಮೇಲೆ ಕಣ್ಣಿಡಲು ಸೆವಿಸ್ ಅಂತ ಒಂದು ವ್ಯವಸ್ಥೆ ಇದೆ. ಅದರ ಶುಲ್ಕ 350 ಡಾಲರ್. ಕೊಡಬೇಕಾದವರು ಯಾರು? ವಿದ್ಯಾರ್ಥಿಯೇ. ಕಾವಲುಗಾರನ ಸಂಬಳ ಕಳ್ಳನ ಕೈಯಿಂದ.

ವೀಸಾ ಅರ್ಜಿ ತುಂಬುವಾಗ ಮಾತ್ರ ನನಗೂ ಕೆಲಸ ಸಿಕ್ಕಿತು.

"ಮಾಮ, ಭಯೋತ್ಪಾದನೆ ಮಾಡೋ ಉದ್ದೇಶ ಇದೆಯಾ ಅಂತ ಕೇಳ್ತಿದೆ."

"ಏನು ಹಾಕ್ತೀಯ?"

"ಇಲ್ಲ ಅಂತ."

"ಯೋಚಿಸಿ ಹಾಕೋ."

ಐದು ವರ್ಷದಲ್ಲಿ ಬಳಸಿದ ಸೋಷಿಯಲ್ ಮೀಡಿಯಾ ಖಾತೆಗಳ ಹೆಸರನ್ನೂ ಕೊಡಬೇಕು. 2025ರ ಜೂನ್‌ನಿಂದ ಇನ್ನೊಂದು ಷರತ್ತು: ಆ ಖಾತೆಗಳನ್ನೆಲ್ಲ ಯಾರು ಬೇಕಾದರೂ ನೋಡುವ ಹಾಗೆ ತೆರೆದಿಡಬೇಕು. ನಾಲ್ಕು ವರ್ಷದಿಂದ ಬೀಗ ಹಾಕಿದ್ದ ಇನ್‌ಸ್ಟಾಗ್ರಾಂ ಅಂದು ರಾತ್ರಿ ತೆರೆಯಿತು. ಅಮೆರಿಕದವರು ಯಾವಾಗ ನೋಡಿದರೋ ಗೊತ್ತಿಲ್ಲ, ಅಕ್ಕ ಮಾತ್ರ ಹತ್ತು ನಿಮಿಷದಲ್ಲಿ ನೋಡಿದಳು. ಹಾಗಾಗಿ ಮೊದಲ ಸಂದರ್ಶನ ನಮ್ಮ ಅಡುಗೆಮನೆಯಲ್ಲೇ ನಡೆಯಿತು. ಅದರ ಮುಂದೆ ಉಳಿದದ್ದೆಲ್ಲ ಲೆಕ್ಕಕ್ಕಿಲ್ಲ ಅಂತ ಹುಡುಗ ಈಗಲೂ ಹೇಳುತ್ತಾನೆ.

ಇದಿಷ್ಟೂ ದಾಟಿದ ಮೇಲೆ ಬರುವುದು 214(ಬಿ). 1952ರ ಅಮೆರಿಕದ ವಲಸೆ ಕಾನೂನಿನ ಒಂದು ಸಣ್ಣ ತುಂಡು. ವೀಸಾ ಕೇಳಿ ಬಂದವನು ಅಲ್ಲೇ ಬೇರು ಬಿಡಲು ಬಂದವನು ಅಂತಲೇ ಅದು ಹಿಡಿಯುತ್ತದೆ. ಅಲ್ಲ ಅಂತ ತೋರಿಸಬೇಕಾದ್ದು ಅವನ ಪಾಡು. ಕೋರ್ಟಿನಲ್ಲಿ ಕೊಲೆ ಆರೋಪಿಗೂ ಇದಕ್ಕಿಂತ ಮರ್ಯಾದೆ ಇದೆ, ಅಲ್ವಾ? ಆದ್ದರಿಂದ ಎಸ್‌ಒಪಿಯಲ್ಲಿ ಆ ದೇಶ ಬಿಟ್ಟರೆ ಬದುಕೇ ಇಲ್ಲ ಅಂತ ಬರೆದವನು, ವೀಸಾ ಸಂದರ್ಶನದ ಕಿಟಕಿಯ ಮುಂದೆ ಆ ದೇಶದ ಮೇಲೆ ನನಗೇನೂ ಆಸೆ ಇಲ್ಲ ಅನ್ನಬೇಕು. ಅವನನ್ನು ಸೇರಿಸಿಕೊಂಡ ಕಾಲೇಜಿನ ಬ್ರೋಷರ್ ತೆರೆದರೆ ಮೊದಲ ಪುಟದಲ್ಲೇ ದಪ್ಪಕ್ಷರ: ಓದು ಮುಗಿದ ಮೇಲೆ 12 ತಿಂಗಳು, ವಿಜ್ಞಾನ-ತಂತ್ರಜ್ಞಾನ ಓದಿದವರಿಗೆ ಮತ್ತೆ 24 ತಿಂಗಳು ಅಲ್ಲೇ ಕೆಲಸ ಮಾಡಬಹುದು. ಕಾನೂನೇ ಕೊಟ್ಟ ಅವಕಾಶ. ಕಿಟಕಿಯಲ್ಲಿ ಅದರ ಹೆಸರೆತ್ತಿದಿಯೋ ಕೆಟ್ಟೆ, ಅಂತ ಹೋಗಿ ಬಂದವರೆಲ್ಲ ಹೆದರಿಸಿದ್ದರು.

ಮನೆಯಲ್ಲಿ ತಾಲೀಮು ನಡೆಯಿತು. ನಾನು ಆಫೀಸರ್, ಟೇಬಲ್ಲು ಕಿಟಕಿ.

"ಓದು ಮುಗಿದ ಮೇಲೆ ಏನು ಮಾಡ್ತೀಯ?"

"ವಾಪಸ್ ಬರ್ತೀನಿ."

"ನಗಬೇಡ. ಇನ್ನೊಂದ್ಸಲ ಹೇಳು."

"ವಾಪಸ್ ಬರ್ತೀನಿ, ಖಂಡಿತ."

"ಹಂಗಾದ್ರೆ ಅಷ್ಟು ದುಡ್ಡು ಸುರಿದು ಹೋಗೋದ್ಯಾಕೆ?" ಅಂತ ಒಳಗಿನಿಂದ ಅಕ್ಕ ಕೂಗಿದಳು. ಆ ಪ್ರಶ್ನೆಗೆ ನಾವಿಬ್ಬರೂ ತಯಾರಾಗಿರಲಿಲ್ಲ.

ಸಂದರ್ಶನದ ದಿನ ಎರಡು ಕೈಯಲ್ಲಿ ಹೊರಬೇಕಾದಷ್ಟು ಫೈಲು. ಅಂಕಪಟ್ಟಿ, ಬ್ಯಾಂಕ್ ಪತ್ರ, ಆಸ್ತಿ ಪತ್ರ, ಮೂವರು ಒಬ್ಬನೇ ಅನ್ನುವ ಅಫಿಡವಿಟ್. ಕಿಟಕಿಯಲ್ಲಿದ್ದವರು ಎರಡು ಪ್ರಶ್ನೆ ಕೇಳಿದರಂತೆ. ಯಾವ ಕಾಲೇಜು? ದುಡ್ಡು ಯಾರು ಕೊಡ್ತಾರೆ? ಫೈಲಿನ ದಾರವನ್ನೂ ಬಿಚ್ಚಿಸಲಿಲ್ಲ. ಎರಡೂವರೆ ನಿಮಿಷ. ವಾಪಸ್ ಬರ್ತೀನಿ ಅನ್ನುವ ಡೈಲಾಗು ಬಾಯಲ್ಲೇ ಉಳಿಯಿತು.

ವಾರದಲ್ಲಿ ಪಾಸ್‌ಪೋರ್ಟ್ ಬಂತು, ವೀಸಾ ಅಂಟಿಸಿಕೊಂಡು. ಎಲ್ಲರೂ ತಲೆ ಬಾಗಿಸಿ ನೋಡಿದೆವು. ಹುಡುಗನ ಒಂದೇ ಹೆಸರು ಲಾಸ್ಟ್ ನೇಮ್ ಜಾಗಕ್ಕೆ ಹೋಗಿ ಕೂತಿತ್ತು. ಫಸ್ಟ್ ನೇಮ್ ಇರಬೇಕಾದ ಕಡೆ ಮೂರೇ ಅಕ್ಷರ: ಎಫ್‌ಎನ್‌ಯು. ಫಸ್ಟ್ ನೇಮ್ ಅನ್‌ನೋನ್. ಹೆಸರು ಗೊತ್ತಿಲ್ಲ. ಒಂದೇ ಹೆಸರಿನವರಿಗೆಲ್ಲ ಅಲ್ಲಿ ಹೀಗೇ ಬರೆಯುತ್ತಾರಂತೆ, ನಿಯಮ.

ಅಕ್ಕ ಕನ್ನಡಕ ಹಾಕಿಕೊಂಡು ಎರಡು ಸಲ ಓದಿದಳು. ಏನೂ ಮಾತಾಡಲಿಲ್ಲ. ಒಳಗೆ ಹೋಗಿ ತಟ್ಟೆ ಇಟ್ಟ ಸದ್ದಾಯಿತು.

"ಲೋ ಎಫ್‌ಎನ್‌ಯು, ಊಟಕ್ಕೆ ಬಾರೋ."