ಗ್ರಾವಿಟಿ ಕಡಿಮೆಯಾದ ಮನೆ

ನಮ್ಮ ಇನ್ವರ್ಟರಿನ ಬ್ಯಾಟರಿಯೊಳಗೆ ಹೈಡ್ರೋಮೀಟರ್ ಅದ್ದಿ ನೋಡಿದ ಹುಡುಗ, "ಗ್ರಾವಿಟಿ ಪೂರಾ ಇಳಿದುಬಿಟ್ಟಿದೆ ಸಾರ್" ಎಂದು ಹೇಳಿದ್ದು ಮೆಟ್ಟಿಲ ಬಳಿ ನಿಂತಿದ್ದ ಮನೆ ಮಾಲೀಕರ ಕಿವಿಗೂ ಬಿತ್ತು. ಬ್ಯಾಟರಿಯವರ ಭಾಷೆಯಲ್ಲಿ ಗ್ರಾವಿಟಿಯೆಂದರೆ ಒಂದು ದ್ರವ ಅಷ್ಟೇ ಗಾತ್ರದ ನೀರಿಗಿಂತ ಎಷ್ಟು ಪಟ್ಟು ತೂಗುತ್ತದೆ ಎಂಬ ಲೆಕ್ಕ. ಪೂರ್ತಿ ಚಾರ್ಜ್ ಆದಾಗ ನೀರಿಗಿಂತ ಸುಮಾರು 1.25 ಪಟ್ಟು ತೂಗಬೇಕಾದ ಆಮ್ಲ ಅಂದು 1.15ಕ್ಕೆ ಇಳಿದಿತ್ತು, ಅಷ್ಟೇ. ಆದರೆ ಮಾಲೀಕರು ಅದನ್ನು ಕಟ್ಟಡದ ದೋಷವೆಂದೇ ಮನಸ್ಸಿಗೆ ಹಚ್ಚಿಕೊಂಡರು.

ಅವರ ಅನುಮಾನವನ್ನು ಗಟ್ಟಿ ಮಾಡಿದವನು ಪ್ಲಂಬರ್. ಎರಡನೇ ಮಹಡಿಯ ನಮ್ಮ ಷವರಿನಲ್ಲಿ ನೀರು ಬರಲೋ ಬೇಡವೋ ಎಂದು ಆಲೋಚಿಸುತ್ತ ತೊಟ್ಟಿಕ್ಕುತ್ತಿದ್ದುದರಿಂದ, ಮಾಲೀಕರು ಉದಾರವಾಗಿ ತಾರಸಿಯ ಸಾವಿರ ಲೀಟರಿನ ಟ್ಯಾಂಕ್ ತೆಗೆಸಿ ಅದೇ ಜಾಗದಲ್ಲಿ ಎರಡು ಸಾವಿರ ಲೀಟರಿನದನ್ನು ಕೂರಿಸಿದ್ದರು. ನೀರು ತನ್ನ ಹಳೆಯ ಚಾಳಿಯನ್ನು ಬಿಡಲಿಲ್ಲ. ಪ್ಲಂಬರ್ ಒಮ್ಮೆ ತಲೆಯೆತ್ತಿ ನೋಡಿ, "ಇಲ್ಲಿ ಗ್ರಾವಿಟಿ ಸಾಲದು" ಎಂದು ತೀರ್ಪು ಕೊಟ್ಟ. ಅವನ ಕಸುಬಿನಲ್ಲಿ ಹಾಗೆಂದರೆ ಎತ್ತರ ಸಾಲದು ಎಂದರ್ಥ. ನೀರಿನ ಒತ್ತಡವನ್ನು ನಿರ್ಧರಿಸುವುದು ಟ್ಯಾಂಕಿನಲ್ಲಿರುವ ಲೀಟರುಗಳಲ್ಲ, ನಲ್ಲಿಯಿಂದ ನೀರಿನ ಮಟ್ಟಕ್ಕಿರುವ ಎತ್ತರ. ಸುಮಾರು 10 ಮೀಟರ್ ಎತ್ತರವಿದ್ದರೆ ಒಂದು ವಾಯುಮಂಡಲದಷ್ಟು ಒತ್ತಡ ಸಿಗುತ್ತದೆ, ನಮ್ಮ ಪಾಲಿಗಿದ್ದದ್ದು ಹೆಚ್ಚೆಂದರೆ ಎರಡು ಮೀಟರ್.

"ಮೇಷ್ಟ್ರೇ, ವಾಸ್ತುವಿನವರನ್ನು ಕರೆಸಲೇ?" ಎಂದು ಮಾಲೀಕರು ನನ್ನನ್ನು ಕೇಳಿದರು. ವಿಜ್ಞಾನದ ಮೇಷ್ಟ್ರಾದ ತಪ್ಪಿಗೆ, ಭೂಮಿಯ ಗುರುತ್ವವು ಎಲ್ಲ ಮನೆಗಳಿಗೂ ಹೆಚ್ಚುಕಡಿಮೆ ಸಮನಾಗಿ ಹಂಚಿಕೆಯಾಗಿದೆಯೆಂದೂ, ಭೂಮಿ ತಿರುಗುವುದರಿಂದ ಮತ್ತು ನಡುವಿನಲ್ಲಿ ಉಬ್ಬಿರುವುದರಿಂದ ಧ್ರುವಗಳಲ್ಲಿ ಸೆಕೆಂಡಿನ ವರ್ಗಕ್ಕೆ 9.83 ಮೀಟರ್ ಇರುವ ಅದರ ವೇಗವರ್ಧನೆ ಬೆಂಗಳೂರಿನಲ್ಲಿ 9.78ರಷ್ಟಿದೆಯೆಂದೂ ವಿವರಿಸಿದೆ. ಅವರು ಹಿಡಿದುಕೊಂಡದ್ದು ಕೊನೆಯ ಅಂಕಿಯನ್ನು ಮಾತ್ರ. "ನೋಡಿದಿರಾ, ನಮಗೆ ಕೊಟ್ಟಿರುವುದೇ ಕಡಿಮೆ!"

ಕಡೆಗೆ ಅವರು ಧೈರ್ಯ ತಂದುಕೊಂಡದ್ದು ನಮ್ಮ ಅಡುಗೆಮನೆಯಲ್ಲಿ. ಕಾಫಿ ನೀರು ನೀರಾಗಿದೆಯೆಂದು ಅಮ್ಮ ಲ್ಯಾಕ್ಟೋಮೀಟರ್ ತರಿಸಿ ಹಾಲಿನಲ್ಲಿ ತೇಲಿಸಿದ್ದರು. ಅದು ಒಳ್ಳೆಯ ಹಸುವಿನ ಹಾಲಿಗೆ ಸಲ್ಲುವ 1.030 ಅನ್ನೇ ತೋರಿಸುತ್ತಿತ್ತು. ಕೆನೆ ತೆಗೆದರೆ ಹಾಲಿನ ಸಾಂದ್ರತೆ ಏರುತ್ತದೆ, ನೀರು ಬೆರೆಸಿದರೆ ಇಳಿಯುತ್ತದೆ. ಎರಡನ್ನೂ ಹದವರಿತು ಮಾಡುವವನ ಮುಂದೆ ಆ ಗಾಜಿನ ಕೊಳವೆ ಏನು ತಾನೇ ಮಾಡೀತು? ಅಮ್ಮ ಹಾಲಿನವನ ವಂಶಾವಳಿಯನ್ನು ಸ್ಮರಿಸುತ್ತಿದ್ದಾಗ ಮಾಲೀಕರು ಕೊಳವೆಯತ್ತ ಬಾಗಿ, ಅಂಕಿಯನ್ನು ಓದಿಕೊಂಡು, ನೆಮ್ಮದಿಯ ಉಸಿರು ಬಿಟ್ಟರು.

"ಅಂತೂ ಹಾಲಿನಲ್ಲಾದರೂ ಗ್ರಾವಿಟಿ ಸರಿಯಾಗಿದೆಯಲ್ಲ ತಾಯಿ!"